ನಗಾರಿಯ ಮೇಲೊಂದು ಅಂಗೈ

ಕೊರೊನಾ ಕಾಲ ಮುಗಿದ ಎರಡನೆಯ ಚಳಿಗಾಲದಲ್ಲಿ ನಾನು ಚಿತ್ತಾಪುರದ ಒಂದು ಸಣ್ಣ ವಸ್ತುಸಂಗ್ರಹಾಲಯದ ಕ್ಯುರೇಟರ್ ಆಗಿದ್ದೆ. ದೊಡ್ಡ ಊರುಗಳಲ್ಲಿ ಈ ಹುದ್ದೆಗೆ ಏನೇನೋ ಅರ್ಥವಿರಬಹುದು. ನಮ್ಮಲ್ಲಿ ಗೆದ್ದಲು, ತೇವ, ಬಿಸಿಲು ಮತ್ತು ಜನರ ಕೈ ವಸ್ತುಗಳಿಗೆ ತಾಗದಂತೆ ನೋಡಿಕೊಳ್ಳುವುದು, ಶಾಲೆಯ ಮಕ್ಕಳು ಬಂದರೆ ವಿವರಿಸುವುದು, ಇಷ್ಟೇ ಕೆಲಸ. ಅದಕ್ಕೂ ಮೊದಲು ಕಲಬುರಗಿಯ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಕೆಲವು ವರ್ಷ ಇದ್ದೆ. ಕಂಡದ್ದನ್ನು ಕಂಡ ಹಾಗೆ ಬರೆಯುವ ಅಭ್ಯಾಸ ಅಲ್ಲಿಯದು. ಈ ಪ್ರಸಂಗವನ್ನೂ ಹಾಗೆಯೇ ಬರೆಯಲು ಪ್ರಯತ್ನಿಸುತ್ತೇನೆ.

ಆಗ ಸಂಗ್ರಹಾಲಯ ಹಳೆಯ ಕಚೇರಿ ಕಟ್ಟಡದಲ್ಲಿತ್ತು. ಗೋಡೆ, ನೆಲ, ಚಾವಣಿ ಎಲ್ಲವೂ ಶಹಾಬಾದ ಕಲ್ಲು. ಬೆಳಿಗ್ಗೆ ಬಾಗಿಲು ತೆರೆದರೆ ರಾತ್ರಿಯ ತಂಪು ಮುಖಕ್ಕೆ ಬಂದು ತಾಗುತ್ತಿತ್ತು. ವಾಡಿ ಕಡೆಯಿಂದ ಸೇಡಂ ಕಡೆಗೆ ಗೂಡ್ಸ್ ರೈಲು ಹೋಗುವಾಗ ಕಿಟಕಿಯ ಗಾಜು ಸಣ್ಣಗೆ ಅದುರುತ್ತಿತ್ತು. ಈಗ ಸಂಗ್ರಹಾಲಯ ಹೊಸ ಕಟ್ಟಡಕ್ಕೆ ಹೋಗಿದೆ, ಎಲ್ಲದಕ್ಕೂ ಗಾಜಿನ ಪೆಟ್ಟಿಗೆ ಬಂದಿದೆ. ಒಳ್ಳೆಯದೇ. ಆದರೂ ಆ ಕಲ್ಲಿನ ತಂಪು ನನಗೆ ಇಂದಿಗೂ ನೆನಪಾಗುತ್ತದೆ.

ಒಳಗಿನ ದೊಡ್ಡ ಕೋಣೆಯಲ್ಲಿ ವೀರಗಲ್ಲುಗಳು, ಕೆಲವು ಶಾಸನದ ತುಂಡುಗಳು ಮತ್ತು ಒಂದು ನಗಾರಿ ಇದ್ದವು. ನಗಾರಿ ಸೇಡಂ ಕಡೆಯ ಒಂದು ವಾಡೆಯಿಂದ, ಅಂದರೆ ಕೋಟೆಯಂಥ ಹಳೆಯ ಮನೆಯಿಂದ, ಬಂದದ್ದು. ತಾಮ್ರದ ದೊಡ್ಡ ಬೋಗುಣಿ, ಅದರ ಬಾಯಿಗೆ ಬಿಗಿದ ಎಮ್ಮೆಯ ತೊಗಲು. ಇಂಥ ವಾದ್ಯಗಳಲ್ಲಿ ತೊಗಲು ಹರಿದಂತೆಲ್ಲ ಹೊಸದು ಹಾಕುತ್ತಾರೆ. ಇದರಲ್ಲಿ ಮೂಲದ ತೊಗಲೇ ಉಳಿದಿತ್ತು. ಅದೇ ಅದರ ಬೆಲೆ. ಬೆರಳಿನ ಬೆವರು, ಎಣ್ಣೆ ಹತ್ತಿದರೆ ಹಳೆಯ ತೊಗಲು ಕೆಲವು ವರ್ಷಗಳಲ್ಲಿ ಬಿರಿಯುತ್ತದೆ. ಆದ್ದರಿಂದ ಅದರ ಮುಂದೆ ‘ಮುಟ್ಟಬಾರದು’ ಎಂಬ ಫಲಕವನ್ನು ನಾನೇ ಬರೆಸಿ ನಿಲ್ಲಿಸಿದ್ದೆ. ನಮ್ಮ ಅಟೆಂಡರ್ ಬಶೀರ್ ಸಾಬ್ ಫಲಕಕ್ಕಿಂತ ಗಟ್ಟಿಯಾಗಿ ಅದನ್ನು ಕಾಯುತ್ತಿದ್ದರು. ಮಕ್ಕಳು ಹತ್ತಿರ ಹೋದರೆ ಸಾಕು, “ಏ ಬಾಬಾ, ಕೈ ಹಿಂದಕ ಕಟ್ಟು” ಎನ್ನುತ್ತಿದ್ದರು. ಎಂ.ಎಲ್.ಎ. ಬಂದಾಗಲೂ ಅದನ್ನೇ ಅಂದಿದ್ದರು, ಕೊನೆಗೆ ಒಂದು ‘ರಿ’ ಸೇರಿಸಿ.

ಆ ಚಳಿಗಾಲ ಹೈದರಾಬಾದಿನ ನಾಲ್ವರ ತಂಡವೊಂದು ನಮ್ಮಲ್ಲಿ ಕಾರ್ಯಕ್ರಮ ಕೊಡಲು ಕೇಳಿತು. ಎರಡು ವಯೊಲಿನ್, ಅದಕ್ಕಿಂತ ತುಸು ದೊಡ್ಡದಾದ ಒಂದು ವಿಯೋಲಾ, ನೆಲಕ್ಕೆ ನಿಲ್ಲಿಸಿ ನುಡಿಸುವ ದಪ್ಪ ದನಿಯ ಒಂದು ಚೆಲ್ಲೊ. ಇದಕ್ಕೆ ಸ್ಟ್ರಿಂಗ್ ಕ್ವಾರ್ಟೆಟ್ ಎನ್ನುತ್ತಾರೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಕೆಲವೇ ಜನ ಒಂದು ಕೋಣೆಯಲ್ಲಿ ಕುಳಿತು ಮೈಕಿಲ್ಲದೆ ನುಡಿಸುವುದು ಚೇಂಬರ್ ಸಂಗೀತ. ಈ ತಂಡ ಹಳೆಯ ಕೃತಿಗಳನ್ನು ಬಿಟ್ಟು, ಈಗ ಬದುಕಿರುವ ಸಂಗೀತಗಾರರು ಬರೆದ ಹೊಸ ಕೃತಿಗಳನ್ನಷ್ಟೇ ನುಡಿಸುತ್ತಿತ್ತು. ಅದೂ ಸಭಾಂಗಣಗಳಲ್ಲಿ ಅಲ್ಲ, ವಸ್ತುಸಂಗ್ರಹಾಲಯಗಳಲ್ಲಿ, ಹಳೆಯ ವಸ್ತುಗಳ ನಡುವೆ ಕುಳಿತು.

ಚಿತ್ತಾಪುರವೇ ಯಾಕೆ ಎಂದು ಫೋನಿನಲ್ಲಿ ಕೇಳಿದೆ. ವಿಯೋಲಾ ನುಡಿಸುವ ವೈಶಾಲಿ ಕಾರಣ ಹೇಳಿದಳು. ಅವಳು ಚಿಂಚೋಳಿ ತಾಲ್ಲೂಕಿನ ಸುಲೇಪೇಟದವಳು. ತಾಯಿ ಕಮಲಾಬಾಯಿ ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಎ.ಎನ್.ಎಂ. ಆಗಿದ್ದು ನಿವೃತ್ತರಾದವರು. ಸುತ್ತಲಿನ ಹಳ್ಳಿಗಳಿಗೆ ನಡೆದು ಹೋಗಿ ಹೆರಿಗೆ ಮಾಡಿಸಿದವರು. ಮಗಳು ಎಷ್ಟು ಸಲ ಕರೆದರೂ ಅವರು ಹೈದರಾಬಾದಿನ ಕಾರ್ಯಕ್ರಮಕ್ಕೆ ಬಂದಿರಲಿಲ್ಲ. ಒಮ್ಮೆ ಮೊಣಕಾಲು ನೋವು, ಒಮ್ಮೆ ನೆಂಟರ ಮದುವೆ, ಒಮ್ಮೆ ಏನೂ ಇಲ್ಲ.

“ಅವ್ವಗ ನನ್ನ ಸಂಗೀತ ಅಂದ್ರ ಬ್ಯಾಸರ ಅದ ಮೇಡಂ, ಬಾಯಿಬಿಟ್ಟು ಹೇಳಲ್ಲ ಅಷ್ಟs” ಎಂದಳು. “ಈ ಸಲ ನಾನs ಒಂದು ಕೃತಿ ಬರದೀನಿ. ಅಕೀಗಿ ಅಂತs ಬರದದ್ದು. ಚಿತ್ತಾಪುರ ಅಂದ್ರ ನೆವ ಹೇಳಲಿಕ್ಕ ಬರಂಗಿಲ್ಲ. ಸೇಡಂದಾಗ ಒಂದು ಬಸ್ ಬದಲ ಮಾಡಿದ್ರ ಮುಗೀತು.”

ಕಾರ್ಯಕ್ರಮದ ದಿನ ಬೆಳಿಗ್ಗೆಯೇ ತಂಡ ರೈಲಿನಲ್ಲಿ ಬಂತು. ಕಮಲಾಬಾಯಿ ಮಧ್ಯಾಹ್ನಕ್ಕೆ ಮುಂಚೆ ಬಂದರು. ಎತ್ತರದ ಹೆಂಗಸು, ಇಸ್ತ್ರಿ ಮಾಡಿದ ಬಿಳಿ ಸೀರೆ, ಇಡೀ ಕೋಣೆಗೆ ಕೇಳುವಷ್ಟು ದೊಡ್ಡ ದನಿ. ಎಲ್ಲರಿಗೂ ಜೈಭೀಮ್ ಹೇಳಿ, ರಿಹರ್ಸಲ್ ನೋಡಲು ಮುಂದಿನ ಕುರ್ಚಿಯಲ್ಲಿ ಕುಳಿತರು. ಪಕ್ಕದಲ್ಲಿ ನಮ್ಮ ಗುರುರಾಜ ಮಾಸ್ತರು. ಚಿತ್ತಾಪುರದಲ್ಲಿ ಯಾವ ಸಮಾರಂಭ ನಡೆದರೂ ನಿರೂಪಣೆ ಅವರದೇ. ಸ್ವಾಗತ, ಸನ್ಮಾನ, ವಂದನಾರ್ಪಣೆ ಇಲ್ಲದ ಕಾರ್ಯಕ್ರಮ ಕಾರ್ಯಕ್ರಮವೇ ಅಲ್ಲ ಎಂಬುದು ಅವರ ಮತ. ಭಾಷಣ ಬೇಡವೆಂದು ತಂಡದವರು ಮೊದಲೇ ಹೇಳಿದ್ದರು. ಮಾಸ್ತರು ವಂದನಾರ್ಪಣೆಯೊಂದನ್ನು ಮಾತ್ರ ಜಗ್ಗಾಡಿ ಉಳಿಸಿಕೊಂಡಿದ್ದರು.

ರಿಹರ್ಸಲ್ ಶುರುವಾದ ಸ್ವಲ್ಪ ಹೊತ್ತಿಗೆ ಚೆಲ್ಲೊ ನುಡಿಸುವ ಜೋಸೆಫ್ ಬಿಲ್ಲು ಎತ್ತಿ ನಿಲ್ಲಿಸಿದ. ಯಾವುದೋ ಒಂದು ಕೆಳಗಿನ ಸ್ವರ ನುಡಿಸಿದಾಗಲೆಲ್ಲ ಕೋಣೆಯ ಇನ್ನೊಂದು ಮೂಲೆಯಿಂದ ಗುಂಯ್ ಎಂಬ ಶಬ್ದ ಬರುತ್ತಿತ್ತು. ಬಶೀರ್ ಸಾಬ್ ಫ್ಯಾನು ನಿಲ್ಲಿಸಿದರು, ಕಿಟಕಿ ಹಾಕಿದರು, ವೀರಗಲ್ಲಿಗೂ ಕಿವಿಗೊಟ್ಟರು. ಕೊನೆಗೆ ನಗಾರಿಯ ಹತ್ತಿರ ನಿಂತು ನನ್ನನ್ನು ಕರೆದರು.

“ಇಲ್ಲಿ ಬರ್ರಿ ಮೇಡಂ. ಯಾರೂ ಬಡೀಲಾರದs ಇದು ಹೂಂಗುಡ್ಲಿಕತ್ತದ.”

ವಿಚಿತ್ರವೇನಲ್ಲ. ಪ್ರತಿ ತೊಗಲಿಗೂ ತನ್ನದೇ ಒಂದು ಸ್ವರವಿರುತ್ತದೆ. ಅದೇ ಸ್ವರ ಹತ್ತಿರದಲ್ಲಿ ನುಡಿದರೆ ಅದು ತಾನಾಗಿ ಅದುರುತ್ತದೆ. ಚಳಿಗಾಲದ ಒಣ ಹವೆಗೆ ತೊಗಲು ಬಿಗಿದಿತ್ತು, ಹೀಗಾಗಿ ಚೆಲ್ಲೊಗೆ ಉತ್ತರ ಕೊಡುತ್ತಿತ್ತು. ನಗಾರಿಯನ್ನು ಹೊರಗಿಡಬಹುದೇ ಎಂದು ಜೋಸೆಫ್ ಕೇಳಿದ. ಅದನ್ನು ಅಲುಗಿಸುವುದಿಲ್ಲ ಎಂದೆ. ಅವನೇ ತನ್ನ ಕುರ್ಚಿಯನ್ನು ದೂರ ಒಯ್ದುಕೊಂಡ.

ಅನಂತರ ವೈಶಾಲಿಯ ಕೃತಿಗೆ ಬಂದರು. ಸಣ್ಣ, ವೇಗದ ಒಂದು ಬಡಿತ ಕೆಳದನಿಯಲ್ಲಿ ಶುರುವಾಗಿ ಅದರ ಮೇಲೆ ವಿಯೋಲಾದ ರಾಗ ಹಬ್ಬುತ್ತದೆ. ನಡುವೆ ಎಲ್ಲವೂ ನಿಂತು ದೀರ್ಘ ಮೌನ. ಹೊಸ ಸಂಗೀತದಲ್ಲಿ ಮೌನವನ್ನೂ ಸ್ವರದ ಹಾಗೆ ಅಳೆದು ಬರೆಯುತ್ತಾರೆ. ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಮೌನ ಬಂದದ್ದೇ ತಡ, ಗುರುರಾಜ ಮಾಸ್ತರು ಎದ್ದು ಮೈಕ್ ಹಿಡಿದರು.

“ಇಷ್ಟೊತ್ತು ನಮ್ಮೆಲ್ಲರ ಮನಸ್ಸನ್ನು ರಂಜಿಸಿದ ಕಲಾವಿದರಿಗೆ...”

“ಮಾಸ್ತರ, ಇನ್ನಾ ಅರ್ಧ ಅದ” ಎಂದಳು ವೈಶಾಲಿ, ಬಿಲ್ಲನ್ನು ಹಾಗೇ ಗಾಳಿಯಲ್ಲಿ ಹಿಡಿದು.

“ಅರ್ಧಕ್ಕs ಬಾಯಿ ಮುಚ್ಚಿಕೊಂಡು ಕುಂತ್ರ ಮಂದಿಗಿ ಹ್ಯಾಂಗ ತಿಳೀಬೇಕವ್ವ? ಹಾಡೂದು ಮರತ ಕಛೇರಿ ನೋಡೀನಿ. ಸುಮ್ಮ ಕುಂದ್ರೂದು ಬರಕೊಂಡು ಬಂದ ಕಛೇರಿ ಇದs ಮೊದಲು.”

ಎಲ್ಲರೂ ನಕ್ಕೆವು. ನಗು ಇಳಿಯುತ್ತ ಬಂದಂತೆ ನಾನು ಕಮಲಾಬಾಯಿಯವರ ಕಡೆ ನೋಡಿದೆ. ಅವರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಬಲಗೈಯ ಬೆರಳು ಮೊಣಕಾಲಿನ ಮೇಲೆ ತಾಳ ಹಾಕುತ್ತಿತ್ತು. ಸಂಗೀತ ನಿಂತದ್ದು, ಮಾಸ್ತರು ಮಾತಾಡಿದ್ದು, ನಾವು ನಕ್ಕದ್ದು ಯಾವುದೂ ಅವರಿಗೆ ತಲುಪಿರಲಿಲ್ಲ. ವೈಶಾಲಿಯೂ ನೋಡುತ್ತಿದ್ದಳು. ಅವಳು ವಿಯೋಲಾ ಕೆಳಗಿಟ್ಟು ಬಂದು ತಾಯಿಯ ಭುಜ ಮುಟ್ಟಿದಳು. ಕಮಲಾಬಾಯಿ ಕಣ್ಣು ತೆರೆದು ಅಂದರು:

“ಭಾಳ ಚಂದ ಬಾರ್ಸಿದ್ರಿ ಎಲ್ಲಾರೂ.”

ತಾಯಿ ಮಗಳಿಬ್ಬರನ್ನೂ ನನ್ನ ಕೋಣೆಗೆ ಕರೆದುಕೊಂಡು ಹೋದೆ. ನಾನು ಹೊರಗೆ ಹೋಗಲು ಎದ್ದರೆ ಕಮಲಾಬಾಯಿ ಕೂರಲು ಹೇಳಿದರು. ಒಬ್ಬರಾದರೂ ಮೂರನೆಯವರು ಇರಲಿ ಎಂದು ಅವರಿಗೆ ಅನ್ನಿಸಿರಬೇಕು.

“ಯಾವಾಗಿಂದ ಕೇಳಸವಲ್ದು ಅವ್ವಾ?”

ಕಮಲಾಬಾಯಿ ಮಗಳ ತುಟಿಗಳನ್ನೇ ನೋಡುತ್ತಿದ್ದರು. “ನೌಕರಿ ಬಿಡೂ ಮುಂದs ಶುರು ಆಗಿತ್ತು. ಮೊದಲ ಬಲಗಿವಿ. ಆಮ್ಯಾಲ ಎಡಗಿವಿ.”

“ದಿನಾ ಫೋನಿನಾಗ ಮಾತಾಡ್ತಿದ್ದಿ ನನ್ನ ಸಂಗಟ.”

“ನೀ ಕೇಳೂದು ಏನು ದೊಡ್ಡ ಮಾತು? ಊಟ ಆತೇನು, ಗುಳಿಗಿ ತಗೊಂಡ್ಯೇನು. ಹೂಂ ಅಂತಿದ್ದೆ. ನಡೀತಿತ್ತು.”

“ಕಿವಿಗಿ ಮಷೀನ್ ಹಾಕ್ಕೋಬೇಕಿತ್ತು.”

“ಅದ, ಟ್ರಂಕಿನಾಗ ಅದ. ಹಾಕ್ಕೊಂಡ್ರ ಸಂತ್ಯಾಗ ನಿಂತಂಗ ಆಗ್ತದ. ಮಾತು ಯಾವುದು, ಗದ್ದಲ ಯಾವುದು ಗೊತ್ತಾಗಲ್ಲ.”

“ನನಗ ಹೇಳಬೇಕಿತ್ತಿಲ್ಲೋ?”

“ಹೇಳಿದ್ರ ನೀ ಬಾರ್ಸೂದು ಬಿಟ್ಟು ಸುಲೇಪೇಟದಾಗ ಬಂದು ಕುಂದ್ರತಿದ್ದಿ. ನಿನ್ನ ಗುಣ ನನಗ ಗೊತ್ತಿಲ್ಲೇನು?”

ಇದನ್ನು ಅವರು ಸಿಟ್ಟಿನಿಂದಲ್ಲ, ಒಂದು ಮಾಹಿತಿಯ ಹಾಗೆ ಹೇಳಿದರು. ಬಶೀರ್ ಸಾಬ್ ಚಹಾ ತಂದಿದ್ದರು. ಕಮಲಾಬಾಯಿ ಕಪ್ಪು ಹಿಡಿದು ಹೊರಗಿನ ಬಿಸಿಲಿಗೆ ಹೋಗಿ ಕುಳಿತರು.

ವೈಶಾಲಿ ನನಗೆ ಹೇಳಿದಳು: “ಸಂಜಿಗಿ ನನ್ನ ಕೃತಿ ಬ್ಯಾಡ ಮೇಡಂ. ಉಳಿದದ್ದು ಬಾರ್ಸ್ತೀವಿ.”

ಆ ಕೃತಿಯ ಹಿನ್ನೆಲೆ ನನಗೆ ಗೊತ್ತಾದದ್ದು ಆಗಲೇ. ಬಸುರಿಯ ಹೊಟ್ಟೆಯ ಮೇಲೆ ಇಟ್ಟು ಕೂಸಿನ ಎದೆಬಡಿತ ಕೇಳುವ ಒಂದು ಸಣ್ಣ ಕೊಳವೆ ಇರುತ್ತದೆ. ವೈಶಾಲಿ ಚಿಕ್ಕವಳಿದ್ದಾಗ, ಮನೆಯಲ್ಲಿ ಬಿಡಲು ಯಾರೂ ಇಲ್ಲದ ದಿನ, ತಾಯಿಯ ಜೊತೆ ಹಳ್ಳಿಗಳಿಗೆ ಹೋಗುತ್ತಿದ್ದಳು. ಕೆಲವೊಮ್ಮೆ ಬಸುರಿಯರು ನಗುತ್ತ ಅವಳಿಗೂ ಕೇಳಲು ಕೊಡುತ್ತಿದ್ದರು. ಹೊಟ್ಟೆಯಲ್ಲಿನ ಕೂಸಿನ ಎದೆ ದೊಡ್ಡವರದಕ್ಕಿಂತ ಬಹಳ ವೇಗವಾಗಿ, ನಿಮಿಷಕ್ಕೆ ನೂರಿಪ್ಪತ್ತರಿಂದ ನೂರರವತ್ತು ಬಾರಿ ಬಡಿಯುತ್ತದೆ. ಅವಳ ಕೃತಿಯ ಬಡಿತ ಅದೇ. ನಡುವಿನ ಮೌನ ಎಂದರೆ ತಾಯಿ ಕೊಳವೆಯನ್ನು ಅತ್ತಿತ್ತ ಸರಿಸಿ ಆ ಬಡಿತವನ್ನು ಹುಡುಕುವ ಹೊತ್ತು. ಆ ಹೊತ್ತಿನಲ್ಲಿ ಗುಡಿಸಲಿನಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿಯುತ್ತಿದ್ದರಂತೆ.

“ಅಕೀಗಿ ಮುಟ್ಟಲಾರದ್ದು ಮಂದಿ ಮುಂದ ಯಾಕ ಬಾರ್ಸಲಿ?” ಎಂದಳು.

ನನಗೆ ಆಗ ನೆನಪಾದದ್ದು ಮೂಲೆಯಲ್ಲಿ ಹೂಂಗುಟ್ಟಿದ ತೊಗಲು. ಕಿವಿಗೆ ಮುಟ್ಟದ್ದು ಕೈಗೆ ಮುಟ್ಟಬಹುದು. ಆದರೆ ಹೇಳುವ ಮೊದಲು ಲೆಕ್ಕ ಹಾಕಿದೆ. ನಿಷೇಧ ಇರುವುದು ಬೆವರಿಗೆ, ಎಣ್ಣೆಗೆ ಮತ್ತು ಒತ್ತಡಕ್ಕೆ. ನಾವು ವಸ್ತುಗಳನ್ನು ಎತ್ತುವಾಗ ಹಾಕಿಕೊಳ್ಳುವ ಹತ್ತಿ ಕೈಗವಸು ಹಾಕಿದರೆ ಮೊದಲೆರಡು ಇಲ್ಲ. ಒತ್ತಿದರೆ ತೊಗಲು ಅದುರುವುದೇ ನಿಲ್ಲುತ್ತದೆ, ಆದ್ದರಿಂದ ಒತ್ತುವ ಪ್ರಶ್ನೆಯೂ ಇಲ್ಲ. ಮೊದಲೂ ಆಮೇಲೂ ಫೋಟೊ ತೆಗೆದು ಪರೀಕ್ಷಿಸಬೇಕು. ಇನ್ನು ಉಳಿದದ್ದು ಅನುಮತಿ. ಸಂಜೆಯ ಕಾರ್ಯಕ್ರಮಕ್ಕೆ ಬರಲಿದ್ದ ನಮ್ಮ ಇಲಾಖೆಯ ಸಹಾಯಕ ನಿರ್ದೇಶಕರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ.

ಅವರು ಪೂರ್ತಿ ಕೇಳಿದರು. “ತೊಗಲಿಗಿ ಏನಾದ್ರ ಆದ್ರ?”

“ಜವಾಬ್ದಾರಿ ನಂದು ಸರ್. ಬರದು ಕೊಡ್ತೀನಿ.”

“ಬರೀರಿ. ಆದ್ರ ಫೋನಿನಾಗ ನನ್ನ ಕೇಳಿದ್ರಿ ಅಂತ ಮಾತ್ರ ಬರೀಬ್ಯಾಡ್ರಿ.”

ಇಲಾಖೆಯ ಭಾಷೆಯಲ್ಲಿ ಇದು ಒಪ್ಪಿಗೆ.

ಬಶೀರ್ ಸಾಬರನ್ನು ಒಪ್ಪಿಸುವುದು ಇದಕ್ಕಿಂತ ಕಷ್ಟವಾಯಿತು. “ನಾಳಿ ಹುಡುಗೂರು ಬಂದು ಅಕ್ಕೋರು ಮುಟ್ಯಾರ, ನಾವು ಯಾಕ ಮುಟ್ಟಬಾರದು ಅಂದ್ರ ಏನು ಜವಾಬ್ ಕೊಡ್ಲಿ?” ಎಂದರು. ಅವರ ಪ್ರಶ್ನೆ ಸರಿಯಾಗಿತ್ತು. ಯಾರಿಗಾದರೂ ಕಿವಿ ಕೇಳದಿದ್ದರೆ ನನ್ನ ಕಡೆ ಕಳಿಸಿ ಎಂದೆ. ಅವರು ಗೊಣಗುತ್ತಲೇ ಕಪಾಟಿನಿಂದ ಹೊಸ ಕೈಗವಸು ತಂದು ಕೊಟ್ಟರು.

ವೈಶಾಲಿಗೆ ಯೋಚನೆ ಹೇಳಿ, ತಾಯಿಯನ್ನು ನಗಾರಿಯ ಹತ್ತಿರ ಕರೆತಂದೆವು. ಕಮಲಾಬಾಯಿ ಕೈಗವಸು ನೋಡಿ ನಕ್ಕರು. “ಕೈಗವಸು ಹಾಕ್ಕೊಂಡು ಎಷ್ಟು ಕೂಸು ಹಿಡದೀನಿ, ನನಗ ಕಲಸ್ತೀರೇನು? ಇದರ ಹೊಟ್ಟ್ಯಾಗ ಏನದ?”

“ಏನೂ ಇಲ್ರಿ, ಖಾಲಿ ಅದ” ಎಂದರು ಬಶೀರ್ ಸಾಬ್, ಅವರ ಮುಖಕ್ಕೆ ಮುಖ ಕೊಟ್ಟು, ದೊಡ್ಡದಾಗಿ.

ಜೋಸೆಫ್ ಕುರ್ಚಿಯನ್ನು ಮತ್ತೆ ನಗಾರಿಯ ಹತ್ತಿರ ತಂದು ಆ ಒಂದು ಸ್ವರವನ್ನಷ್ಟೇ ನುಡಿಸಿದ. ಕಮಲಾಬಾಯಿಯವರ ಅಂಗೈ ತೊಗಲಿನ ಮೇಲೆ ಎಲೆ ಬಿದ್ದಷ್ಟು ಹಗುರವಾಗಿತ್ತು. ಅವರ ಹುಬ್ಬು ಮೇಲೇರಿತು. ಮಗಳು ಅಷ್ಟಕ್ಕೇ ನಿಲ್ಲಿಸಿದಳು. ಉಳಿದದ್ದು ಸಂಜೆಗೆ ಇರಲಿ ಎಂದಳು.

ಒಂದು ತೊಡಕು ಉಳಿಯಿತು. ನಗಾರಿಗೆ ಮುಟ್ಟುವುದು ಆ ಸ್ವರದ ಆಸುಪಾಸಿನ, ಚೆಲ್ಲೊದ ಕೆಳಗಿನ ಸ್ವರಗಳು ಮಾತ್ರ. ವಿಯೋಲಾದ ರಾಗ, ಅಂದರೆ ವೈಶಾಲಿ ತನಗೆಂದೇ ಬರೆದುಕೊಂಡ ಭಾಗ, ತೊಗಲನ್ನು ತಲುಪುತ್ತಿರಲಿಲ್ಲ. ಅವಳು ಊಟ ಬಿಟ್ಟು ವೀರಗಲ್ಲಿನ ಪಕ್ಕ ನೆಲದ ಮೇಲೆ ಕುಳಿತು ತನ್ನ ಭಾಗವನ್ನೆಲ್ಲ ಚೆಲ್ಲೊಗೆ ಇಳಿಸಿ ಬರೆದಳು. ತನಗೆ ಹಿನ್ನೆಲೆಯ ಕೆಲವು ಸ್ವರ ಉಳಿಸಿಕೊಂಡಳು. ಮೊದಲ ಸಲ ಊರಿನವರ ಮುಂದೆ ನುಡಿಸುವಾಗ ನೀನೇ ಹಿಂದೆ ಸರಿಯುವುದೇ ಎಂದು ಜೋಸೆಫ್ ಕೇಳಿದ. ರಿಹರ್ಸಲ್ ಇಲ್ಲದೆ ತಾನು ತಪ್ಪಿದರೆ ಏನು ಗತಿ ಎಂದೂ ಕೇಳಿದ.

“ಯಾರು ಬಾರ್ಸಿದ್ರು ಅನ್ನೂದು ಬ್ಯಾಡ. ಅಕೀ ಕೈಗಿ ಮುಟ್ಟಿದ್ರ ಸಾಕು” ಎಂದು ಅವಳು ನನಗೆ ಹೇಳಿದಳು, ಅವನಿಗೆ ಇಂಗ್ಲಿಷಿನಲ್ಲಿ ಇನ್ನೇನೋ ಹೇಳಿದಳು. ಅವನು ಕಾಗದ ತೆಗೆದುಕೊಂಡು ಹಿತ್ತಲಿಗೆ ಹೋದ.

ಸಂಜೆ ಕೋಣೆ ತುಂಬಿತು. ವಾಡಿಯ ಸಿಮೆಂಟ್ ಕಾರ್ಖಾನೆಯ ಕೆಲವು ಕುಟುಂಬಗಳು, ಶಹಾಬಾದದ ಶಿಕ್ಷಕರು, ನಮ್ಮ ಊರಿನ ವಕೀಲರು, ಕಾಲೇಜಿನ ಹುಡುಗಿಯರು. ಸುಲೇಪೇಟದಿಂದ ಒಂದು ಟೆಂಪೊ ಬಂದಿತ್ತು. ಅದರಲ್ಲಿದ್ದ ಹಲವರು ಕಮಲಾಬಾಯಿಯವರ ಕೈಯಲ್ಲೇ ಹುಟ್ಟಿದವರು. ಗುರುರಾಜ ಮಾಸ್ತರು ಮೈಕನ್ನು ತಾವಾಗಿಯೇ ತಂದು ನನಗೆ ಕೊಟ್ಟರು. “ನನ್ನ ಹತ್ರ ಇದ್ರ ಮತ್ತ ಏಳ್ತೀನಿ, ಚಟ ಆಗ್ಯದ” ಎಂದರು.

ಕಮಲಾಬಾಯಿಗೆ ನಗಾರಿಯ ಪಕ್ಕ ಸ್ಟೂಲ್ ಹಾಕಿದ್ದೆವು. ಬಿಳಿ ಕೈಗವಸಿನ ಒಂದು ಅಂಗೈ ತೊಗಲಿನ ಮೇಲಿತ್ತು. ಮುಂದಿನ ಸಾಲಿನಲ್ಲಿದ್ದ ಸಹಾಯಕ ನಿರ್ದೇಶಕರು ಅದನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಚಾವಣಿ ನೋಡಿದರು.

ಬೇರೆಯವರ ಕೃತಿಗಳು ಮುಗಿದ ಮೇಲೆ ವೈಶಾಲಿಯದು ಶುರುವಾಯಿತು. ಚೆಲ್ಲೊ ಬಡಿತ ಹಿಡಿಯಿತು. ಮೊದಲಿಗೆ ಕಮಲಾಬಾಯಿ ಮಗಳ ಕೈಯನ್ನೇ ನೋಡುತ್ತಿದ್ದರು. ತುಸು ಹೊತ್ತಿಗೆ ಅವರ ಕಣ್ಣು ಅಲ್ಲಿಂದ ಸರಿದು ತಮ್ಮದೇ ಅಂಗೈಯ ಮೇಲೆ ನಿಂತಿತು. ಎಡಗೈ ತಾನಾಗಿ ಮೇಲೆ ಬಂತು, ಮಣಿಕಟ್ಟಿನಲ್ಲಿ ಗಡಿಯಾರ ನೋಡುವವರ ಹಾಗೆ. ಅಲ್ಲಿ ಗಡಿಯಾರವಿರಲಿಲ್ಲ. ತುಟಿ ಅಲುಗುತ್ತಿತ್ತು. ಅವರು ಎಣಿಸುತ್ತಿದ್ದರು.

ನಂತರ ಆ ಮೌನ ಬಂತು. ನಾಲ್ಕೂ ಬಿಲ್ಲುಗಳು ನಿಂತವು. ಜನ ಅಲುಗಾಡಲಿಲ್ಲ. ಕಮಲಾಬಾಯಿಯವರ ಅಂಗೈ ಕ್ಷಣಕಾಲ ಇದ್ದಲ್ಲೇ ಇತ್ತು. ಆಮೇಲೆ ಅದು ತೊಗಲಿನ ಮೇಲೆ ಮೆಲ್ಲಗೆ ಎಡಕ್ಕೆ ಸರಿಯಿತು. ನಿಂತಿತು. ಸ್ವಲ್ಪ ಕೆಳಕ್ಕೆ ಬಂತು. ಮತ್ತೆ ನಿಂತಿತು. ಸುಲೇಪೇಟದ ಹೆಂಗಸರ ಸಾಲಿನಲ್ಲಿ ಯಾರೋ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆ ಕೈ ಏನು ಮಾಡುತ್ತಿದೆ ಎಂದು ಅವರಿಗೆ ನಮ್ಮೆಲ್ಲರಿಗಿಂತ ಮೊದಲು ತಿಳಿದಿತ್ತು. ಬರೆದ ಮೌನದ ಅಳತೆ ಮುಗಿದರೂ ವೈಶಾಲಿ ಸನ್ನೆ ಕೊಡಲಿಲ್ಲ. ತಾಯಿಯ ಕೈ ಮತ್ತೊಮ್ಮೆ ಸರಿದು ನೆಲೆ ನಿಂತ ಮೇಲೆ ಜೋಸೆಫ್‌ನತ್ತ ತಲೆಯಾಡಿಸಿದಳು. ಬಡಿತ ಮತ್ತೆ ಶುರುವಾಯಿತು.

“ಸಿಕ್ತು” ಎಂದರು ಕಮಲಾಬಾಯಿ.

ತಾವು ಎಷ್ಟು ದೊಡ್ಡದಾಗಿ ಮಾತಾಡುತ್ತೇವೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಆ ಕಲ್ಲಿನ ಕೋಣೆಯಲ್ಲಿ ಅದು ಎಲ್ಲರಿಗೂ ಕೇಳಿತು. ವೈಶಾಲಿ ತನ್ನ ಮುಂದಿನ ಕೆಲವು ಸ್ವರಗಳನ್ನು ನುಡಿಸಲಿಲ್ಲ. ಉಳಿದ ಮೂವರು ಮುಂದುವರಿಸಿದರು, ಅವಳು ಕೊನೆಗೆ ಬಂದು ಸೇರಿಕೊಂಡಳು.

ಮುಗಿದ ಮೇಲೆ ಚಪ್ಪಾಳೆ, ಮಾಸ್ತರ ವಂದನಾರ್ಪಣೆ, ಚಹಾ, ಚುರುಮುರಿಯ ಸುಸಲಾ ಎಲ್ಲವೂ ಪದ್ಧತಿಯಂತೆ ನಡೆದವು. ಸುಲೇಪೇಟದವರು ಕಮಲಾಬಾಯಿಯನ್ನು ಸುತ್ತುವರಿದಿದ್ದರು. ವೈಶಾಲಿ ಹತ್ತಿರ ಹೋದಾಗ ತಾಯಿ ಮೊದಲು ಕೈಗವಸು ತೆಗೆದು, ಮಡಚಿ, ಬಶೀರ್ ಸಾಬರಿಗೆ ಕೊಟ್ಟರು. ಆಮೇಲೆ ಮಗಳ ಕೆನ್ನೆ ಹಿಡಿದರು.

“ನಿಮಿಷಕ್ಕ ನೂರಾ ನಲವತ್ತು ಇತ್ತ ನೋಡು. ಛಲೋ ಇತ್ತು ಕೂಸು.” ಮತ್ತೆ ಅಂದರು: “ಆದ್ರ ನೀ ಏನು ಕೆಲಸ ಮಾಡಿದಿ? ಎಲ್ಲಾ ಆ ಹುಡುಗನ ಕೈಲೆ ಮಾಡ್ಸಿದಿ. ಕುಂದ್ರಲಿಕ್ಕ ಪಗಾರ ಕೊಡ್ತಾರೇನು ನಿನಗ?”

ವೈಶಾಲಿ ನಕ್ಕು ಅತ್ತಳು.

ಮರುದಿನ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಭೂತಗನ್ನಡಿ ಹಿಡಿದು ತೊಗಲನ್ನು ಪರೀಕ್ಷಿಸಿದೆ. ವರದಿಯಲ್ಲಿ ಫೋನಿನ ಮಾತೊಂದನ್ನು ಬಿಟ್ಟು ನಡೆದದ್ದನ್ನೆಲ್ಲ ಬರೆದು, ವಸ್ತುವಿನ ಸ್ಥಿತಿ ಎಂಬಲ್ಲಿ ‘ಬದಲಾವಣೆ ಇಲ್ಲ’ ಎಂದು ಸಹಿ ಮಾಡಿದೆ. ಇಲಾಖೆಯಿಂದ ಪ್ರಶ್ನೆ ಬರಲಿಲ್ಲ. ವೈಶಾಲಿ ಆ ಕೃತಿಯನ್ನು ಬೇರೆ ಊರುಗಳಲ್ಲಿ ನುಡಿಸುವಾಗಲೂ ರಾಗವನ್ನು ವಿಯೋಲಾಗೆ ಮರಳಿ ತರಲಿಲ್ಲ ಎಂದು ಕೇಳಿದ್ದೇನೆ.

ನಾನು ನಿವೃತ್ತಳಾಗಿದ್ದೇನೆ. ಹೊಸಬರು ಕೆಲವೊಮ್ಮೆ ಫೋನ್ ಮಾಡಿ, ಇಂಥದ್ದಕ್ಕೆ ಅವಕಾಶ ಕೊಡಬಹುದೇ ಎಂದು ಕೇಳುತ್ತಾರೆ. ಹೌದು ಎಂದೋ ಬೇಡ ಎಂದೋ ನಾನು ಹೇಳುವುದಿಲ್ಲ. ಆ ನಿಯಮ ಯಾಕೆ ಬಂತು ಎಂದು ಮರಳಿ ಕೇಳುತ್ತೇನೆ. ಕಾರಣ ಗೊತ್ತಿಲ್ಲದವರ ಕೈಯಲ್ಲಿ ನಿಯಮ ಒಂದೋ ಮುರಿಯುತ್ತದೆ, ಇಲ್ಲವೇ ಎಲ್ಲರನ್ನೂ ಹೊರಗೆ ನಿಲ್ಲಿಸುತ್ತದೆ. ಕಾರಣ ಗೊತ್ತಿದ್ದವರಿಗೆ ಎಲ್ಲಿ ಬಿಗಿಯಬೇಕು, ಯಾರಿಗಾಗಿ ಎಷ್ಟು ಸಡಿಲಿಸಬೇಕು ಎಂಬುದೂ ತಿಳಿಯುತ್ತದೆ. ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟು. ಅದನ್ನು ಕಲಿಯಲು ನನಗೆ ಬಹಳ ವರ್ಷ ಬೇಕಾಯಿತು, ಮತ್ತು ಒಂದು ಸಂಜೆ.